ಭಾವನ ಚೊಕ್ಕ ಅಕ್ಕಿ

ನೆಂಟರ ಮೇಲೆ ಸಿಟ್ಟು, ಅಕ್ಕಿಯ ಮೇಲೆ ಗುಮಾನಿ. ಗಾದೆ ಹೀಗಿಲ್ಲ ಎಂದು ತಕರಾರು ತೆಗೆಯುವವರು ಸಾನಪಾಡಾದ ಪ್ರೇಮನಾಥನ ರೇಷನ್ ಅಂಗಡಿಯೆದುರು ಒಂದು ದಿನ ಕ್ಯೂ ನಿಲ್ಲಬೇಕು. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

ಜಯಲತಾ ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. ಉಪ್ಪಿನಕಾಯಿಯ ಹಳೆ ಬಾಟಲಿ. ತಳದಲ್ಲೊಂದು ಹಿಡಿ ಕಾಳು. ನೋಡಲು ಅಕ್ಕಿಯೇ, ಆದರೆ ತುಸು ಹಳದಿ, ಅಂಚು ನುಣುಪು, ಅಚ್ಚಿನಲ್ಲಿ ಒತ್ತಿದ ಹಾಗೆ.

“ಎಂತ ಭಾವ ಇದು? ನಿಮ್ಮ ಅಂಗಡಿಯಲ್ಲಿ ಇಂಥದ್ದು ಉಂಟಾ ಇಲ್ವಾ, ಇವತ್ತೇ ಹೇಳಿ.”

“ಪ್ಲಾಸ್ಟಿಕ್! ಪ್ಲಾಸ್ಟಿಕ್ ಅಕ್ಕಿ!” ಕ್ಯೂನಲ್ಲಿದ್ದ ಚಂದ್ರಬಾಯಿ ಕಿರುಚಿದಳು.

“ನನ್ನ ಅಂಗಡಿಯಲ್ಲಾ? ಒಂದು ಕಾಳು ಸಿಕ್ಕಿದ್ರೆ ಮೀಸೆ ಬೋಳಿಸ್ತೇನೆ,” ಪ್ರೇಮನಾಥ ಗುಡುಗಿದ. “ಪ್ಲಾಸ್ಟಿಕ್ ಇರುವುದು ನಿನ್ನ ತಲೆಯಲ್ಲಿ.”

“ನನ್ನ ಬಸುರಿ ಮಗಳು ನಿಮ್ಮ ಅಕ್ಕಿ ಉಂಡೂ ಉಂಡೂ ಬಿಳಿಚಿಕೊಂಡಿದ್ದಾಳೆ. ಮೈಯಲ್ಲಿ ರಕ್ತ ಇಲ್ಲ ಅಂತಾರೆ ಡಾಕ್ಟ್ರು.”

“ಹಾಗಾದ್ರೆ ನೆರೂಳಿನ ನಿನ್ನ ತಂಗಿ ಮನೆಯಲ್ಲೇ ಉಣ್ಣಿ. ಹೇಗೂ ಅಲ್ಲೇ ಬಿದ್ದಿರ್ತೀರಲ್ಲ.”

“ಉಂಡು ಬಂದೇ ಹೇಳ್ತಿದ್ದೇನೆ. ನೋಡ್ತಾ ಇರಿ, ರೇಷನಿಂಗ್ ಆಫೀಸಿಗೆ ಹೋಗ್ತೇನೆ.” ಬಾಟಲಿ ಎತ್ತಿಕೊಂಡು ಹೊರಟೇಬಿಟ್ಟಳು.

ಪ್ರೇಮನಾಥನನ್ನು ಭಾವ ಎನ್ನುವವರು ಇಬ್ಬರು. ಗಂಡನ ಅಣ್ಣನೆಂದು ಜಯಲತಾ, ಅಕ್ಕನ ಗಂಡನೆಂದು ರಂಜನ್. ಅವಳದು ದುರ್ಭಾವ, ಇವನದು ಭಕ್ತಿಭಾವ. ಜಯಲತಾಳ ಅತ್ತೆ ತೀರಿಕೊಂಡಾಗ ಬೊಜ್ಜದೂಟಕ್ಕೆ ಪ್ರೇಮನಾಥ ಹುಳ ಬಿದ್ದ ಅಕ್ಕಿ ಕಳಿಸಿದಂದಿನಿಂದ ಅವಳಿಗೂ ಅವನಿಗೂ ಮಾತಿಲ್ಲ. ಬೈಗುಳಕ್ಕೆ ಮಾತ್ರ ರಜೆಯಿಲ್ಲ.

ರಂಜನ್ ಮಹಾಪೆಯ ಕಾಲ್ ಸೆಂಟರಿನವನು. ಗಂಟಲು ಒಂದೇ, ಸ್ವರ ನೂರು. ನೆಂಟರ ಮದುವೆ ಮುಂಜಿಗಳಲ್ಲಿ ಅವನು ತಪ್ಪದೆ ಆಡಿ ತೋರಿಸುತ್ತಿದ್ದದ್ದು ಭಾವನನ್ನೇ. ಗೋದಾಮಿನವನು ಫೋನಿನಲ್ಲಿ “ಅಬ್ ಸೇ ಸಬ್ ಫೋರ್ಟಿಫೈಡ್” ಎಂದದ್ದು ಭಾವನ ಕಿವಿಗೆ “ಫಾರ್ಟಿಫೈವ್” ಎಂದು ಬಿದ್ದು, ನಲವತ್ತೈದು ಚೀಲಕ್ಕೆ ಜಾಗ ಖಾಲಿ ಮಾಡಿ ಕೂತ ಪ್ರಸಂಗ. ಬಂದದ್ದು ಎಂದಿನಷ್ಟೇ. “ಉಳಿದದ್ದನ್ನು ಯಾವ ಕಳ್ಳ ನುಂಗಿದ?” ಎಂದು ಭಾವ ವಾರವಿಡೀ ಶಪಿಸಿದ್ದ.

ಈಗ ಅದೇ ಭಾವ ಬೆವರುತ್ತಿದ್ದ. “ವಿಚಾರಣೆ ಅಂತ ಯಾರಾದ್ರೂ ಬಂದ್ರೆ ಅಂಗಡಿಗೆ ಬೀಗ, ಮಾರಾಯ. ಅವಳ ಮಾತನ್ನು ಇನ್ನು ನಾಯಿಯೂ ನಂಬಬಾರದು. ಏನಾದ್ರೂ ಮಾಡು.”

ರಂಜನನಿಗೆ ಅಷ್ಟು ಸಾಕಿತ್ತು. ಇಷ್ಟು ಚೊಕ್ಕ ಅಂಗಡಿಯ ಮೇಲೆ ಇಂಥ ಆರೋಪವೇ? ಸರ್ಕಾರದ ಧೂಳು ಚೀಲ ಭಾವನ ಕಣ್ಣಿಗಾಗದು. ಲೋಡು ಇಳಿದ ರಾತ್ರಿಯೇ ಅವು ಮಾಯ. ಬೆಳಗಾಗುವಾಗ ಅಕ್ಕಿಯೆಲ್ಲ ಹೊಸ ಬಿಳಿ ಚೀಲಗಳಲ್ಲಿ.

ರೇಷನಿಂಗ್ ಇನ್‌ಸ್ಪೆಕ್ಟರ್ ಚಂದ್ರಾಮ ವಿಜಯಪುರದ ಕಡೆಯವರು. ರಂಜನ್ ಅವರ ದನಿಯಲ್ಲಿ ಜಯಲತಾಳಿಗೆ ಫೋನು ಮಾಡಿದ.

“ಬಾಯಾರ, ನಾ ಚಂದ್ರಾಮ ಮಾತಾಡಾಕತ್ತೀನ್ರೀ. ನಿಮ್ಮ ಬಾಟ್ಲಿ ಸುದ್ದಿ ನಮ್ಮ ಕಿವಿಗೂ ಬಿದ್ದೈತಿ. ರವಿವಾರ ಮುಂಜಾನೆ ಅಂಗಡೀಗೆ ಬರ್ರಿ. ಎಲ್ಲಾರ ಮುಂದ ಚೀಲಾ ಬಿಚ್ಚಸ್ತೀನಿ.”

“ಎಲ್ಲಾ ಚೀಲವಾ, ಸಾಹೇಬ್ರೇ?”

“ಎಲ್ಲಾನೂ ರೀ!”

“ಮಗಳು ವೀಡಿಯೊ ತೆಗೀಬಹುದಾ?”

“ತಗೀಲಿ, ತಗೀಲಿ! ದುನಿಯಾ ನೋಡ್ಲಿ!”

“ಸಾಹೇಬ್ರಿಗೆ ನಮ್ಮ ಕಡೆ ನೆಂಟರಿದ್ದಾರಾ? ಸ್ವರ ಗುರ್ತದವರ ಹಾಗೆ ಉಂಟು.”

ರಂಜನ್ ಫೋನಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

ರವಿವಾರ ಅಂಗಡಿಯೆದುರು ಜಾತ್ರೆಯಷ್ಟು ಜನ. ಸಾಹೇಬರ ಸುಳಿವಿಲ್ಲ. ಮೊಬೈಲು ಹಿಡಿದ ಬಸುರಿ ಮಗಳು ಅಶ್ಮಿತಾ ಗೋಡೆಗೊರಗಿ ನಿಂತಿದ್ದಳು. ತುಟಿ ಕಾಗದದಷ್ಟು ಬಿಳಿ. ಪ್ರೇಮನಾಥ ಒಂದೊಂದೇ ಚೀಲ ಬಿಚ್ಚಿ ಬೆಡ್‌ಶೀಟಿನ ಮೇಲೆ ಸುರಿದ. ಹೆಂಗಸರು ಗೆರಸೆ ಹಿಡಿದು ಕೂತರು. ಕೇರಿದರು, ಹೆಕ್ಕಿದರು, ಕಣ್ಣಿಗೆ ಹಿಡಿದು ನೋಡಿದರು. ಬಾಟಲಿಯಲ್ಲಿದ್ದಂಥ ಕಾಳು ಹುಡುಕಿದರೂ ಇಲ್ಲ. ಚಂದ್ರಬಾಯಿಯೇ ಸೋತು ಸೊಂಟ ಹಿಡಿದುಕೊಂಡು ಎದ್ದಳು. “ಏಕ್ ಭೀ ನಹೀಂ.”

“ತೋರಿಸು! ಒಂದು ಕಾಳು ತೋರಿಸು!” ಪ್ರೇಮನಾಥ ಮೊಬೈಲಿನ ಕಡೆ ತಿರುಗಿ ಎದೆ ತಟ್ಟಿಕೊಂಡ. “ಇದು ಸರ್ಕಾರ ಕೊಟ್ಟ ಅಕ್ಕಿ. ಕೊಟ್ಟ ಹಾಗೇ ಹಂಚ್ತೇನೆ. ಇಂಥ ಕಾಳು ಈ ಅಂಗಡಿಗೆ ಬಂದದ್ದೇ ಇಲ್ಲ. ದೇವರಾಣೆ!”

ಸರಿಯಾದ ಹೊತ್ತಿಗೆ ಕೌಂಟರಿನ ಹಿಂದಿನಿಂದ ಚಂದ್ರಾಮರ ದನಿ ಕೇಳಿತು: “ಬಾಯಾರ, ಪ್ಲಾಸ್ಟಿಕ್ ಎಲ್ಲೈತ್ರೀ?” ಹಿಂದೆಯೇ ರಂಜನ್ ಹಲ್ಲು ಕಿರಿಯುತ್ತ ಎದ್ದು ನಿಂತ.

ನಗೆ ಸಿಡಿಯಿತು. ಕ್ಯೂ ನಕ್ಕಿತು, ಪ್ರೇಮನಾಥ ತೊಡೆ ತಟ್ಟಿ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳು ಜಯಲತಾ. ಉಳಿದವರ ನಗೆ ನಿಂತರೂ ಅವಳದು ನಿಲ್ಲಲಿಲ್ಲ.

“ಸ್ವರ ಚೆಂದ ಉಂಟು, ರಂಜನ್. ಆಫೀಸಿನ ಚಂದ್ರಾಮ ಸಾಹೇಬ್ರ ನಂಬರೂ ನನ್ನ ಹತ್ರ ಉಂಟು.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಶ್ಮೀ, ವೀಡಿಯೊ ಅವರಿಗೆ ಕಳಿಸಿದ್ಯಾ?”

“ಗಯಾ ಮಮ್ಮಿ. ಪೂರಾ ಗಯಾ.”

ಜಯಲತಾ ಬಾಟಲಿಯನ್ನು ಪ್ರೇಮನಾಥನ ಕೈಯಲ್ಲಿಟ್ಟಳು. ನಗು ಇನ್ನೂ ಅವಳ ಗಂಟಲಲ್ಲೇ ಇತ್ತು.

“ಇದು ನೆರೂಳಿನ ತಂಗಿಯ ರೇಷನ್ನಿನಿಂದ ಹೆಕ್ಕಿದ್ದು. ಫಾರ್ಟಿಫೈವ್ ಅಲ್ಲ ಭಾವ, ಫೋರ್ಟಿಫೈಡ್. ರಕ್ತಕ್ಕೆ ಅಂತ ಕಬ್ಬಿಣ ಸೇರಿಸಿದ ಕಾಳು, ಸರ್ಕಾರದ ಅಕ್ಕಿಯಲ್ಲಿ ನೂರಕ್ಕೊಂದು ಇರ್ಲೇಬೇಕು. ಇಲ್ಲಿ ಒಂದೂ ಇಲ್ಲ ಅಂತ ಆಣೆ ಇಟ್ರಿ; ಈಗ ಹೇಳಿ, ಸರ್ಕಾರದ ಅಕ್ಕಿ ಯಾರಿಗೆ ಮಾರಿದ್ರಿ?”