ಉಡಿಗೆ ಕಾಗದ ಇಲ್ಲ

"ಮಗಳು ಅಂತ ಬರೀಲಿಕ್ಕೆ ಬರಂಗಿಲ್ರಿ ಅಮ್ಮಾ," ಎಂದು ನೋಂದಣಿ ಕಚೇರಿ ಮುಂದೆ ಪತ್ರ ಬರೆಯುವ ಹಾಲೇಶಪ್ಪ ಪೆನ್ನು ಕೆಳಗಿಟ್ಟ. "ಈಕಿ ಕಾಗದದಾಗೆಲ್ಲ ತಾಯಿ ಹೆಸರು ಕೊಟ್ರಮ್ಮ ಅಂತ ಐತಿ."

ಪಂಪಮ್ಮ ಗಂಗಾಳ ಪಕ್ಕದಲ್ಲಿ, ಮನೆಯ ಪತ್ರಗಳನ್ನು ಉಡಿಯಲ್ಲಿ ಕಟ್ಟಿಕೊಂಡೇ ಕೂತಿದ್ದಳು. "ಕೊಟ್ರಮ್ಮ ನನ್ನ ತಂಗಿರೀ. ಮೂರು ತಿಂಗಳ ಕೂಸನ್ನ ಉಚ್ಚಂಗೆಮ್ಮನ ಗುಡಿ ಮುಂದ ನನ್ನ ಉಡಿಯಾಗ ಹಾಕಿದ್ಲು. ಮೂವತ್ತು ವರ್ಷಾತು. ಗಂಗಾ ನನ್ನ ಮಗಳು."

"ನಾನೇನು ಅಲ್ಲ ಅಂದ್ನ? ಉಡಿಗೆ ಕಾಗದ ಇಲ್ಲಲ್ರಿ! ಮಗಳಿಗೆ ದಾನಪತ್ರ ಅಂದ್ರ ಸ್ಟಾಂಪ್ ಡ್ಯೂಟಿ ಕೆಲವು ಸಾವಿರದಾಗ ಮುಗಿತೈತಿ. ತಂಗಿ ಮಗಳಿಗೆ ಅಂದ್ರ ಹೊರಗಿನೋರ ಲೆಕ್ಕ. ಮನಿ ಬೆಲಿ ನೋಡಿ ಹಾಕ್ತಾರ, ಲಕ್ಷ ದಾಟತೈತಿ." ಹಾಲೇಶಪ್ಪ ತಲೆ ಕೆರೆದುಕೊಂಡ. "ಒಂದು ದಾರಿ ಐತಿ ನೋಡ್ರಿ. ಮನೀನ ನಿಮ್ಮ ತಂಗಿಗೆ ಬರದುಕೊಡ್ರಿ. ಆಕಿ ತನ್ನ ಮಗಳಿಗೆ ಬರದುಕೊಡ್ಲಿ. ಎರಡು ಸಲಾನೂ ಕಡಿಮಿ ಬೀಳತೈತಿ."

ಪಂಪಮ್ಮ ಉಡಿಯ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಲಕ್ಷ ಹೋದರೆ ಹೋಗಲಿ, ಕೊರಳಿನ ಸರ ಮಾರಿದರಾಯಿತು. ಉಡಿಗೆ ಬಿದ್ದ ಮಗಳನ್ನು ಹೆತ್ತವಳಿಗೆ ತಿರುಗಿ ಒಪ್ಪಿಸಿ ತಾನೇ ಹೆಬ್ಬೆಟ್ಟು ಒತ್ತಬೇಕೆ? ಗಂಗಾ ಈಗ ಸಿಡಿದೇಳುತ್ತಾಳೆ ಎಂದುಕೊಂಡು ಅವಳ ಮುಖ ನೋಡಿದಳು.

ಗಂಗಾ ಸಿಡಿಯಲಿಲ್ಲ. ಬಾಗಿ ಪಂಪಮ್ಮನ ಉಡಿಯ ಗಂಟು ಮೆಲ್ಲಗೆ ಬಿಚ್ಚಿ, ಪತ್ರಗಳನ್ನು ತೆಗೆದುಕೊಂಡಳು. ಮಾತು ಬಂದಾಗಿನಿಂದ 'ಅವ್ವ' ಎಂದೇ ಕರೆದ ಬಾಯಿ ಒಂದು ಗಳಿಗೆ ತಡವರಿಸಿತು.

"ಹಂಗ ಮಾಡಾಣ, ದೊಡ್ಡವ್ವಾ," ಎಂದಳು.