ಮೇಜಿನ ಮೇಲಿನ ಕೌದಿ

“ಅಮ್ಮಾ, ಮಂದಿ ಬರೋ ಹೊತ್ತಾತು, ಇನ್ನಾದ್ರೂ ಆ ಕೌದಿ ತಗೀರಿ!” ಮೆಹಜಬೀನಳಿಗೆ ಕೂಗಿ ಕೂಗಿ ಸಾಕಾಗಿತ್ತು. ರಂಜಾನ್ ಹಬ್ಬಕ್ಕೆಂದು ಅವಳು ಹೊಸ ಬಿಳಿ ಬಟ್ಟೆ ಹಾಸಿದ್ದ ಮೇಜಿನ ಮೇಲೇ ಹಳೆ ಬಟ್ಟೆ ತುಂಡುಗಳ ಕೌದಿ ಹರವಿಕೊಂಡು ಅತ್ತೆ ಹಸನಬೀ ಹೊಲಿಯುತ್ತ ಕೂತಿದ್ದಳು.

“ಇದೊಂದು ಸಾಲು ಮುಗೀಲಿ ತಡಿಯವಾ.”

ಬಾಗಿಲಲ್ಲಿ ನೆರೆಮನೆಯ ಫಕೀರಮ್ಮನ ದನಿ ಕೇಳಿತು. ತಾಳ್ಮೆಗೆಟ್ಟ ಮೆಹಜಬೀನ ಕೌದಿಯನ್ನು ಎಳೆದಳು. ಬಿಳಿ ಬಟ್ಟೆಯೂ ಜೊತೆಗೇ ಎದ್ದು ಬಂತು. ಅತ್ತೆ ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಶ್ರೀರಾಮನಗರದ ಅರ್ಧ ಮನೆಗಳಿಗೆ ಕೌದಿ ಹೊಲಿದುಕೊಟ್ಟ ಹಸನಬೀ ಹೊಲಿಗೆಯನ್ನು ಬೆರಳಿನಿಂದ ತಡವಿ ನೋಡಿ, “ಕಣ್ಣು ಮಂಜಾಗ್ಯಾವವಾ, ಯಾರ ಮುಂದೂ ಹೇಳಬ್ಯಾಡ,” ಎಂದಳು ಮೆಲ್ಲಗೆ.

ಫಕೀರಮ್ಮ ಒಳಗೆ ಬಂದವಳೇ, “ಇದೇನವಾ, ಮೇಜಿಗೂ ಕೌದಿ?” ಎಂದು ನಕ್ಕಳು.

ಮೆಹಜಬೀನ ಕೌದಿಯನ್ನು ಮತ್ತೆ ಚಂದಗೆ ಹಾಸಿ, ಅದರ ಮೇಲೆ ಹಾಲು ಶಾವಿಗೆಯ ಸುರಕುಂಬಾದ ಬಟ್ಟಲು ಇಟ್ಟಳು. “ಹಬ್ಬಕ್ಕಂತ ನಮ್ಮತ್ತೀನ ಹೊಲದಾರ್ರಿ. ಬರ್ರಿ, ಕುಂದರ್ರಿ.”