ತಲೆಯೊಳಗಿನ ಜಾಗ

ಸರ್ವರ್ ಬಾಡಿಗೆ ಕಟ್ಟಲಾಗದ ಮೇಲೆ ನಮ್ಮ ಕಂಪನಿ ಗ್ರಾಹಕರ ಡೇಟಾವನ್ನೆಲ್ಲ ನೌಕರರ ತಲೆಯಲ್ಲೇ ಇಡುತ್ತಿದೆ. ಮುಳುಗುತ್ತಿರುವ ಕಂಪನಿಗಳೆಲ್ಲ ಈಗ ಹೀಗೇ. ಹೊಸ ಡೇಟಾ ಬಂದರೆ ನಾವು ಒಂದು ಹಳೆಯ ನೆನಪು ಅಳಿಸಿ ಜಾಗ ಮಾಡಿಕೊಡಬೇಕು.

ಊಟ ಮುಗಿಸಿ ಬಂದಾಗ ಟೀಮ್ ಲೀಡರ್ ಇಂದುಧರ ನನ್ನ ಕುರ್ಚಿಯ ಹತ್ತಿರ ಕೇಬಲ್ ಹಿಡಿದು ನಿಂತಿದ್ದ.

"ಮಾದಣ್ಣ, ಒಂದು ವಿಮಾ ಕಂಪನಿ ಸಿಕ್ಕಿದೆ. ನಿಮ್ಮ ಆ ರೆಸಾರ್ಟ್ ಮೀಟಿಂಗ್ ಅಳಿಸಲಾ? ಒಳ್ಳೇ ದೊಡ್ಡದಿದೆ."

ಆ ಮೀಟಿಂಗಿನಲ್ಲಿ ಮಾಲೀಕ ರಾಯ್ಕರ್, ಅರ್ಧ ಸಂಬಳಕ್ಕೆ ದುಡಿದರೆ ಎಲ್ಲರಿಗೂ ಕಂಪನಿಯಲ್ಲಿ ಪಾಲು ಕೊಡ್ತೀನಿ ಎಂದು ತಾಯಾಣೆ ಇಟ್ಟಿದ್ದ. ಅವತ್ತು ಅಲ್ಲಿದ್ದವರಲ್ಲಿ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಆಮೇಲೆ ಒಬ್ಬೊಬ್ಬರಾಗಿ ಅದನ್ನು ಅಳಿಸಿಕೊಂಡರು. ಇವತ್ತಿಗೂ ಅರ್ಧ ಸಂಬಳಕ್ಕೆ ನಗುನಗುತ್ತ ದುಡಿಯುತ್ತಿದ್ದಾರೆ.

"ನೀನೂ ಅಲ್ಲಿದ್ದೆಯಲ್ಲೋ. ಅವನೇನು ಹೇಳಿದ ಅಂತ ಗೊತ್ತಾ?"

"ಯಾರು?" ಎಂದ. ನಾಟಕವಲ್ಲ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಬಿಡು. ಅಷ್ಟು ದೊಡ್ಡದು ಬೇರೆ ಏನಿದೆ ನೋಡು."

ಅವನು ಪರದೆ ನೋಡಿದ. "ಮಗಳು ಮೊದಲ ಸಲ ನಡೆದದ್ದು. ಅದು ಬೇಡ ಅಣ್ಣ. ಮೀಟಿಂಗ್ ಇಟ್ಕೊಂಡು ಪೂಜೆ ಮಾಡ್ತೀರಾ?"

ನಾನೂ ಮರೆತರೆ ರಾಯ್ಕರ್ ಆ ಮಾತು ಆಡಿಯೇ ಇಲ್ಲ ಎಂದಾಗುತ್ತದೆ.

"ಮಗಳು ನಡೆದದ್ದು ಅವಳಮ್ಮನಿಗೆ ನೆನಪಿದೆ," ಎಂದೆ. "ಇದು ಇಡೀ ಆಫೀಸಿನಲ್ಲಿ ನನ್ನೊಬ್ಬನಿಗೇ ನೆನಪಿರೋದು. ಮಗಳದ್ದೇ ತೆಗಿ."

ಕುರ್ಚಿಯಲ್ಲಿ ಕೂತು, ಅವನು ಕೇಬಲ್ ಸಿಕ್ಕಿಸಲೆಂದು ಕತ್ತು ಬಗ್ಗಿಸಿದೆ.